ಹಳೇದು ತೆಗೀರಿ

ನನಗಾದ ಅನ್ಯಾಯ ಇದು. ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯ ಅಳತೆ ಕೋಣೆಯಲ್ಲಿರುವ ನೋಂದಣಿ ಪುಸ್ತಕದಲ್ಲಿ, ನೀಲಿ ಮಸಿಯಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದೆ. ಕನ್ನಡದಲ್ಲಿ ಅದರ ಅರ್ಥ ಹೀಗೆ: “ಹಿರಿಯ ಸಲಹೆಗಾರರು ಫೋನಿನಲ್ಲಿ ನೀಡಿದ ಸೂಚನೆಯಂತೆ ಹಳೆಯ ವ್ಯವಸ್ಥೆಯನ್ನು ಅಳಿಸಲಾಯಿತು.” ಆ ಹಿರಿಯ ಸಲಹೆಗಾರ ನಾನು. ಅಂಥ ಸೂಚನೆಯನ್ನು ನಾನು ಕೊಡಲಿಲ್ಲ. ಕೊಟ್ಟದ್ದು ಅದಕ್ಕೆ ತೀರ ವಿರುದ್ಧವಾದ ಸೂಚನೆ. ಆರು ವರ್ಷ ಕೂತು ಮಾಡಿದ ಕೆಲಸವನ್ನು ಬೇರೆಯವರು ಒಂದು ಮಧ್ಯಾಹ್ನದಲ್ಲಿ ಅಳಿಸಿದರು, ಅಳಿಸಿದ ತಪ್ಪನ್ನು ನನ್ನ ತಲೆಗೆ ಕಟ್ಟಿದರು. ಕೆಲಸ ಹೋದದ್ದನ್ನು ನಾನು ನುಂಗಿಕೊಂಡಿದ್ದೇನೆ. ಆ ಸಾಲನ್ನು ನುಂಗಿಕೊಂಡಿಲ್ಲ. ಅದು ತಿದ್ದುಪಡಿಯಾಗಬೇಕು ಎಂಬುದೊಂದೇ ನನ್ನ ಬೇಡಿಕೆಯಾಗಿತ್ತು, ಇಂದಿಗೂ ಅದೇ ಆಗಿದೆ.

ನಾನು ವಿಜಯಪುರದ ಕಡೆಯವನು. ಇಪ್ಪತ್ತೆರಡನೆಯ ವಯಸ್ಸಿಗೆ ಪುಣೆಗೆ ಬಂದೆ. ಪಿಂಪ್ರಿ-ಚಿಂಚವಾಡದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಅಳತೆಯ ಕೆಲಸ ಮಾಡಿ ನಿವೃತ್ತನಾದೆ. ಬೇರೆಯವರು ಮಾಡಿದ ವಸ್ತು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಅಳತೆಯವನ ಉದ್ಯೋಗ. ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಎಂದು ಬರೆದು ಕೆಳಗೆ ರುಜು ಹಾಕಬೇಕು. ನಾನು ರುಜು ಹಾಕಿದ ಯಾವ ಕಾಗದವೂ ಮೂವತ್ತಾರು ವರ್ಷಗಳಲ್ಲಿ ಮರಳಿ ಬಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ನೀಲಿ ಸಾಲು ನನಗೆ ಏಕೆ ಇಷ್ಟು ಚುಚ್ಚುತ್ತದೆ ಎಂಬುದು ಓದುವವರಿಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ನಿವೃತ್ತನಾಗಿ ಏಳು ವರ್ಷವಾದ ಮೇಲೆ ತಳೇಗಾಂವದ ಕಾರ್ಖಾನೆಯ ಮಾಲೀಕರು ಮನೆಗೆ ಬಂದು ಕರೆದರು. ವಾಹನಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಅದು. ಅವರ ತಂದೆಯೂ ನಾನೂ ಮೊದಲ ನಾಲ್ಕು ವರ್ಷ ಚಿಂಚವಾಡದಲ್ಲಿ ಒಂದೇ ಖೋಲಿಯಲ್ಲಿ ಇದ್ದವರು. ಮಗ ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಪುಣೆಯ ಮರಾಠಿಯಲ್ಲಿ. ಕನ್ನಡವೆಂದರೆ ತಾಯಿಯ ಜೊತೆ ಅಡಿಗೆಮನೆಯಲ್ಲಿ ಆಡುವಷ್ಟು. ನನ್ನನ್ನು ‘ಕಾಕಾ’ ಎನ್ನುತ್ತಾರೆ. ಮೊದಲ ವಾರ ಅವರು ಕೆಲಸಗಾರರ ಎದುರಿಗೆ ನನ್ನೊಡನೆ ಮರಾಠಿಯಲ್ಲಿ ಮಾತಾಡಿದಾಗ ನಾನು ಪಕ್ಕಕ್ಕೆ ಕರೆದು ಹೇಳಿದೆ: “ನಿಮ್ಮ ಅಪ್ಪಾರು ನನ್ನ ಜೋಡಿ ಒಂದ ದಿನಾನೂ ಹಿಂಗ ಮಾತಾಡಿದವರಲ್ಲ. ನೀವೂ ನನ್ನ ಜೋಡಿ ಕನ್ನಡದಾಗ ಮಾತಾಡ್ರಿ.” ಅಂದಿನಿಂದ ಅವರು ತಪ್ಪದೆ ಕನ್ನಡದಲ್ಲೇ ಮಾತಾಡಿದರು. ಈ ನಿಯಮವನ್ನು ಹಾಕಿದವನು ನಾನೇ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅಲ್ಲಿ ನನ್ನ ವಶಕ್ಕೆ ಬಂದದ್ದು ಬೇರೊಂದು ಕಾರ್ಖಾನೆಯಿಂದ ಕೊಂಡು ತಂದ ಹಳೆಯ ಅಳತೆ ಯಂತ್ರ. ಕರಿಕಲ್ಲಿನ ಹಾಸು, ಅದರ ಮೇಲೆ ಮೂರು ದಿಕ್ಕಿಗೂ ಚಲಿಸುವ ಒಂದು ತೋಳು, ತೋಳಿನ ತುದಿಗೆ ಮಾಣಿಕ್ಯದ ಗುಂಡು ಇರುವ ಸೂಜಿ. ಸೂಜಿ ವಸ್ತುವನ್ನು ಮುಟ್ಟಿದ ಜಾಗವನ್ನು ಕಂಪ್ಯೂಟರು ಅಂಕಿಯಾಗಿ ತೋರಿಸುತ್ತದೆ. ಆದರೆ ಯಾವ ಯಂತ್ರವೂ ಪೂರ್ತಿ ನೇರವಾಗಿರುವುದಿಲ್ಲ. ಇಲ್ಲಿ ಎರಡು ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದ ಎರಡು ಪಾಲು, ಬಾಗಿರುತ್ತದೆ, ಅಲ್ಲಿ ಐದು. ಆ ಬಾಗನ್ನು ಗೇಣುಗೇಣಿಗೆ ಅಳೆದು ಒಂದು ಪಟ್ಟಿ ಮಾಡಿ ಕಂಪ್ಯೂಟರಿಗೆ ಕೊಟ್ಟರೆ, ಅದು ಪ್ರತಿ ಅಳತೆಯಿಂದಲೂ ಅಷ್ಟನ್ನು ಕಳೆದು ನಿಜವಾದ ಅಂಕಿಯನ್ನು ಹೇಳುತ್ತದೆ. ನಾವು ಅದನ್ನು ತಿದ್ದುಪಟ್ಟಿ ಎನ್ನುತ್ತಿದ್ದೆವು. ಪಕ್ಕದ ಶೆಡ್ಡಿನ ಒತ್ತುಯಂತ್ರಗಳು ಶುರುವಾದರೆ ನೆಲ ನಡುಗುತ್ತದೆ; ಆದ್ದರಿಂದ ಬೆಳಿಗ್ಗೆ ಏಳರಿಂದ ಎಂಟೂವರೆಯ ಒಳಗೇ ಈ ಕೆಲಸ ಆಗಬೇಕು. ಬೇಸಿಗೆಗೆ ಒಂದು ಬಗೆಯ ಬಾಗು, ಮಳೆಗಾಲಕ್ಕೆ ಇನ್ನೊಂದು. ನಡುವೆ ಒಮ್ಮೆ ಕೋಣೆಯನ್ನೇ ಬದಲಿಸಿದರು, ಮತ್ತೆ ಮೊದಲಿನಿಂದ ಆಯಿತು. ಹೀಗೆ ಆರು ವರ್ಷ.

ಪಟ್ಟಿಯ ಇನ್ನೊಂದು ಪ್ರತಿ ಏಕಿರಲಿಲ್ಲ ಎಂದು ಯಾರಾದರೂ ಕೇಳಿಯಾರು. ಗಿರಾಕಿ ಕಂಪನಿಗಳ ಷರತ್ತಿನಂತೆ ಆ ಕೋಣೆಯಲ್ಲಿ ಪೆನ್ ಡ್ರೈವ್ ನಿಷಿದ್ಧ. ಕಂಪ್ಯೂಟರಿನ ಕಿಂಡಿಗಳಿಗೆಲ್ಲ ಮೊಹರಿನ ಚೀಟಿ ಅಂಟಿಸಿದ್ದರು. ಪ್ರತಿಗೆ ಬೇರೊಂದು ಡಿಸ್ಕ್ ಕೊಡಿಸಿ ಎಂದು ಮೂರು ಸಲ ಬರೆದುಕೊಟ್ಟೆ. ಮೂರು ಸಲವೂ ಬಂದ ಉತ್ತರ ಒಂದೇ: “ನೋಡೂಣ್ರಿ ಕಾಕಾ.” ನಾನು ಬರೆದ ಮೂರೂ ಪತ್ರಗಳ ನಕಲುಗಳು ನನ್ನ ಬಳಿ ಇವೆ. ಕಾಗದದ ಮೇಲೆ ಮುದ್ರಿಸಿ ಇಟ್ಟಿದ್ದ ಪಟ್ಟಿ ಕೋಣೆ ಬದಲಿಸುವುದಕ್ಕಿಂತ ಮೊದಲಿನದು. ಅದರಿಂದ ಉಪಯೋಗವಿರಲಿಲ್ಲ.

ಈಗ ಕಂಪ್ಯೂಟರು ಚಾಲೂ ಆಗುವ ಎರಡು ಮೋಡ್‌ಗಳ ವಿಷಯ. ಯಂತ್ರದ ಜೊತೆಗೆ ಬಂದಿದ್ದ ಕಂಪ್ಯೂಟರು ಒಂದು ದಿನ ಸುಟ್ಟುಹೋಯಿತು. ಅದರ ಡಿಸ್ಕ್ ಚೆನ್ನಾಗಿತ್ತು. ಅದಕ್ಕಿಂತ ಹೊಸದಾದ ಇನ್ನೊಂದು ಕಂಪ್ಯೂಟರು ತಂದು, ಹಳೆಯ ಡಿಸ್ಕನ್ನು ಅದರಲ್ಲಿ ಕೂರಿಸಿದೆವು. ಚಾಲೂ ಮಾಡಿದರೆ, ಚಾಲೂ ಮಾಡಲು ತಕ್ಕ ಡಿಸ್ಕ್ ಇಲ್ಲ ಎಂದು ಪರದೆಯ ಮೇಲೆ ಬಂತು.

ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಲ್ಲಿ, ಬೇರೆ ಏನೂ ಏಳುವ ಮೊದಲು, ಅದರ ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಪ್ರೋಗ್ರಾಮು ಎಚ್ಚರಗೊಳ್ಳುತ್ತದೆ. ಡಿಸ್ಕನ್ನು ಹುಡುಕಿ ಅಧಿಕಾರವನ್ನು ಅದಕ್ಕೆ ಒಪ್ಪಿಸುವುದು ಅದರ ಕೆಲಸ. ಒಪ್ಪಿಸುವುದಕ್ಕೆ ಎರಡು ಪದ್ಧತಿಗಳಿವೆ. ಹಳೆಯದಕ್ಕೆ ‘ಲೆಗಸಿ’ ಎನ್ನುತ್ತಾರೆ. ಅದು ಡಿಸ್ಕಿನ ಮೊಟ್ಟಮೊದಲ ತುಣುಕನ್ನು ಓದಿ, ಅಲ್ಲಿ ಬರೆದದ್ದನ್ನು ನಂಬಿ ಮುಂದುವರಿಯುತ್ತದೆ. ಹೊಸದಕ್ಕೆ ‘ಯುಇಎಫ್ಐ’ ಎನ್ನುತ್ತಾರೆ. ಅದು ಡಿಸ್ಕಿನಲ್ಲಿ ತನಗಾಗಿಯೇ ಮೀಸಲಾದ ಒಂದು ಭಾಗವನ್ನು ಹುಡುಕುತ್ತದೆ. ಬೇಕೆಂದರೆ ಅಲ್ಲಿರುವ ಕಡತದ ಮೊಹರನ್ನೂ ಪರೀಕ್ಷಿಸುತ್ತದೆ. ಹಳೆಯ ಪದ್ಧತಿಗೆ ಸಿದ್ಧಪಡಿಸಿದ ಡಿಸ್ಕಿನಲ್ಲಿ ಆ ಭಾಗವೇ ಇರುವುದಿಲ್ಲ. ಡಿಸ್ಕ್ ಇದೆ, ಅದರೊಳಗಿನದೆಲ್ಲ ಇದೆ, ಆದರೆ ಹುಡುಕುವವನು ಇಲ್ಲದ ಜಾಗದಲ್ಲಿ ಹುಡುಕಿ ಕೈಚೆಲ್ಲುತ್ತಾನೆ. ನಾನು ಆ ಪುಟ್ಟ ಪ್ರೋಗ್ರಾಮಿನ ಸೆಟ್ಟಿಂಗಿನೊಳಗೆ ಹೋಗಿ ಲೆಗಸಿಯನ್ನು ಆರಿಸಿದೆ. ಯಂತ್ರ ಎದ್ದಿತು.

ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞ ಚಿಂಚವಾಡದ ಮರಾಠಿಗ. ನಲವತ್ತರ ಹತ್ತಿರದ ಮನುಷ್ಯ, ಕೈ ಚುರುಕು, ಬಾಯಿ ಇನ್ನೂ ಚುರುಕು. ಆತನಿಗೆ ಇದು ಸೇರಲಿಲ್ಲ.

“ಕಾಕಾಂಚಾ ಜೀವ ಜುನ್ಯಾತಚ ಅಡಕಲಾಯ,” ಎಂದ. ಕಾಕಾನ ಜೀವ ಹಳೆಯದರಲ್ಲೇ ಸಿಕ್ಕಿಕೊಂಡಿದೆ ಎಂದು ಅರ್ಥ.

ನಾನು ಮರಾಠಿಯಲ್ಲೇ ಉತ್ತರ ಕೊಟ್ಟೆ: ನನ್ನ ಮನೆಯ ಲ್ಯಾಪ್‌ಟಾಪು ಹೊಸ ಪದ್ಧತಿಯಲ್ಲೇ ಏಳುತ್ತದೆ, ಹೊಸ ಡಿಸ್ಕಿಗೆ ಹೊಸದೇ ಸರಿ. ಆದರೆ ಯಾವುದನ್ನು ಆರಿಸಬೇಕು ಎಂಬುದನ್ನು ಡಿಸ್ಕ್ ಹೇಳಬೇಕು, ಆರಿಸುವವನ ವಯಸ್ಸಲ್ಲ. ಆತ ನಕ್ಕ. ನಾನು ನಗಲಿಲ್ಲ. ಮರುವಾರದೊಳಗೆ ಕಾರ್ಖಾನೆಯಲ್ಲಿ ನನ್ನ ಹೆಸರು ‘ಲೆಗಸಿ ಕಾಕಾ’ ಎಂದಾಗಿತ್ತು. ಗಿರಾಕಿ ಕಂಪನಿಯವರು ನೋಡಲು ಬಂದ ದಿನ ಮಾಲೀಕರೇ ನನ್ನತ್ತ ಕೈ ತೋರಿಸಿ ಹಿಂದಿಯಲ್ಲಿ, “ಯೇ ಹಮಾರಾ ಲೆಗಸಿ ಮೋಡ್,” ಇದು ನಮ್ಮ ಲೆಗಸಿ ಮೋಡ್, ಎಂದರು. ಬಂದವರಲ್ಲೊಬ್ಬರು ಚಹಾ ಕುಡಿಯುತ್ತ, ಚಾಲೂ ಆಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಆರು ಜನ ನಕ್ಕರು. ಯಾರು ಯಾರು ಎಂದು ನನಗೆ ನೆನಪಿದೆ.

ಮುಂದಿನ ವರ್ಷದ ಒಂದು ಶನಿವಾರ ನಾನು ಬಾರಾಮತಿಯಲ್ಲಿದ್ದೆ, ತಂಗಿಯ ಮೊಮ್ಮಗಳ ಸೀಮಂತಕ್ಕೆ. ಮಂಗಲ ಕಾರ್ಯಾಲಯದ ತುಂಬ ಹೆಣ್ಣುಮಕ್ಕಳ ಹಾಡು, ಬಡಿಸುವವರ ಕೂಗು. ಹನ್ನೆರಡರ ಸುಮಾರಿಗೆ ಮಾಲೀಕರ ಫೋನು ಬಂತು.

“ಕಾಕಾ, ಮಷೀನ ಏಳವಲ್ದರೀ. ಡಿಸ್ಕ್ ಇಲ್ಲ ಅಂತದ.”

“ತಾರೀಖು ಏನು ತೋರಿಸ್ತದ ನೋಡ್ರಿ.”

“ಯಾವುದೋ ಹಳೇ ವರ್ಷ ತೋರಿಸ್ಲಿಕ್ಕತ್ತದ.”

“ಅಂದ್ರ ಒಳಗಿನ ಸಣ್ಣ ಬ್ಯಾಟರಿ ಸತ್ತದ. ಇಟ್ಟಿದ್ದೆಲ್ಲಾ ಮರತು ಮೊದಲಿನಂಗ ಆಗೇದ, ಅಷ್ಟ. ಗಾಬರಿ ಆಗಬ್ಯಾಡ್ರಿ. ಒಳಗ ಹೋದ್ರ ಅಲ್ಲೆ ಎರಡು ಇರ್ತಾವ, ಹಳೇದು ಒಂದು, ಹೊಸಾದು ಒಂದು. ಹಳೇದು ತೆಗೀರಿ, ತಾನ ಚಾಲೂ ಆಗ್ತದ.”

“ಹಳೇದು ತೆಗೀಬೇಕು. ಆತ್ರಿ ಕಾಕಾ. ನೀವು ಊಟಾ ಮಾಡ್ರಿ.”

ನಾನು ಊಟ ಮಾಡಿದೆ. ಮೂರು ಗಂಟೆಗೆ ಅವರಿಂದ ಸಂದೇಶ ಬಂತು: ಹೆಬ್ಬೆರಳಿನ ಚಿತ್ರ, ಜೊತೆಗೆ “ಚಾಲೂ ಆತು” ಎಂಬ ಎರಡು ಶಬ್ದ.

ಸೋಮವಾರ ಬೆಳಿಗ್ಗೆ ಏಳಕ್ಕೆ ಕೋಣೆಯ ಬೀಗ ತೆಗೆದು ಒಳಗೆ ಹೋದೆ. ಪರದೆಯ ಮೇಲೆ ನಾನು ಎಂದೂ ನೋಡದ ನೀಲಿ ಚಿತ್ರ. ಅಳತೆಯ ಪ್ರೋಗ್ರಾಮು ಇಲ್ಲ. ನನ್ನ ಕಡತಗಳಿದ್ದ ಭಾಗವೇ ಇಲ್ಲ. ಕಂಪ್ಯೂಟರು ಹೊಸ ಮೋಡಿನಲ್ಲಿ ಎದ್ದಿತ್ತು, ಡಿಸ್ಕನ್ನು ಪೂರ್ತಿ ಒರೆಸಿ ಹೊಸ ಪದ್ಧತಿಗೆ ತಕ್ಕಂತೆ ಮತ್ತೆ ವಿಭಾಗಿಸಿದ್ದರು. ನಾನು ಐದು ನಿಮಿಷ ಕುರ್ಚಿಯ ಮೇಲೆ ಕೂತೆ. ಆಮೇಲೆ ತಂತ್ರಜ್ಞನನ್ನು ಕರೆಸಿದೆ, ಮಾಲೀಕರನ್ನೂ ಕರೆಸಿದೆ.

ತಂತ್ರಜ್ಞ ಸುಳ್ಳು ಹೇಳುವವನಲ್ಲ, ಅಷ್ಟು ನಾನು ಒಪ್ಪುತ್ತೇನೆ. ಶನಿವಾರ ನಡೆದದ್ದನ್ನು ಆತ ನಿಂತ ಜಾಗದಲ್ಲೇ ಹೇಳಿದ. ಫೋನು ಇಟ್ಟ ಮಾಲೀಕರು ಆತನಿಗೆ ಮರಾಠಿಯಲ್ಲಿ ಹೇಳಿದ್ದು ಇದು: “ಕಾಕಾ ಮ್ಹಣತಾಯತ, ದೋನ ಆಹೇತ. ಜುನಂ ಕಾಢಾ, ಆಪೋಆಪ ಚಾಲೂ ಹೋಈಲ.” ಎರಡಿವೆ, ಹಳೆಯದನ್ನು ತೆಗೆದುಹಾಕಿ, ತಾನಾಗಿಯೇ ಚಾಲೂ ಆಗುತ್ತದೆ ಎನ್ನುತ್ತಾರೆ ಕಾಕಾ, ಎಂದು ಅರ್ಥ. ಆತನಿಗೂ ಒಂದು ಅನುಮಾನ ಬಂದಿತ್ತು. “ಪೂರ್ಣ ಕಾಢೂ ಕಾ?” ಪೂರ್ತಿ ತೆಗೆದುಬಿಡಲೇ ಎಂದು ಕೇಳಿದ್ದ. ಮಾಲೀಕರು, “ಹೋ, ಕಾಕಾನೀಚ ಸಾಂಗಿತಲಯ,” ಎಂದಿದ್ದರು. ಹೌದು, ಕಾಕಾನೇ ಹೇಳಿದ್ದಾರೆ.

ಮಾಲೀಕರು ನನ್ನ ಮುಖ ನೋಡಿದರು. “ನೀವ ಅಂದ್ರಲ್ರೀ ಕಾಕಾ, ಹಳೇದು ತೆಗೀರಿ ಅಂತ?”

“ಅಂದೆ.”

“ಮತ್ತ?”

“ನಿಮ್ಮ ಮನ್ಯಾಗ ಯಾರರೆ ಬಂದು ಕದಾ ಬಡದ್ರ ನಿಮ್ಮ ತಾಯಿ ಏನಂತಾರ?”

“ಬಾಗಲಾ ತೆಗೀ ಅಂತಾರ.”

“ನೀವು ಬಾಗಲಾ ಕಿತ್ತು ಒಗೀತೀರೇನು?”

ತಂತ್ರಜ್ಞನಿಗೆ ಕನ್ನಡ ತಿಳಿಯದು. ಆತ ಇಬ್ಬರ ಮುಖವನ್ನೂ ನೋಡುತ್ತ ನಿಂತ.

ನಮ್ಮ ಮಾತಿನಲ್ಲಿ ಬಾಗಿಲನ್ನೂ ತೆಗೆಯುತ್ತೇವೆ, ಚಪ್ಪಲಿಯನ್ನೂ ತೆಗೆಯುತ್ತೇವೆ. ಬಾಗಿಲು ತೆಗೆದರೆ ಒಳಗೆ ಹೋಗುತ್ತೇವೆ; ಚಪ್ಪಲಿ ತೆಗೆದರೆ ಅದು ಹೊರಗೇ ಉಳಿಯುತ್ತದೆ. ಊರಲ್ಲಿ ಒಬ್ಬ ಅಂಗಡಿ ತೆಗೆದ ಎಂದರೆ ಹೊಸದಾಗಿ ಆರಂಭಿಸಿದನೆಂದೂ ಆಗುತ್ತದೆ, ಇದ್ದದ್ದನ್ನು ಎತ್ತಿಬಿಟ್ಟನೆಂದೂ ಆಗುತ್ತದೆ. ಕೇಳುವವನು ಸಂದರ್ಭ ನೋಡಿ ತಿಳಿಯುತ್ತಾನೆ. ‘ತೆರೆ’ ಎಂಬ ಬೇರೊಂದು ಶಬ್ದ ಇದೆ, ಆದರೆ ಅದು ಪುಸ್ತಕದ್ದು. ನಮ್ಮ ಮನೆಗಳಲ್ಲಿ ಯಾರೂ ಬಾಗಿಲು ತೆರೆಯಿರಿ ಎನ್ನುವುದಿಲ್ಲ. ಮರಾಠಿಯಲ್ಲಿ ಇವೆರಡೂ ಬೇರೆ ಬೇರೆ. ಬಾಗಿಲಿಗೆ ‘ಉಘಡ’, ಚಪ್ಪಲಿಗೆ ‘ಕಾಢ’. ಫೋಟೋ ತೆಗೆಯುವುದಕ್ಕೂ ‘ಕಾಢ’, ಕಸ ತೆಗೆಯುವುದಕ್ಕೂ ‘ಕಾಢ’. ಹತ್ತರಲ್ಲಿ ಒಂಬತ್ತು ಕಡೆ ನಮ್ಮ ‘ತೆಗಿ’ ಮರಾಠಿಯ ‘ಕಾಢ’ವೇ ಆಗುತ್ತದೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂದು ಬೆಳೆದವರಿಗೆ ಈ ಬದಲಾವಣೆ ಉಸಿರಾಟದಷ್ಟೇ ಸಲೀಸು, ಯೋಚಿಸಿ ಮಾಡುವುದಲ್ಲ. ಮಾಲೀಕರು ಯೋಚಿಸಲಿಲ್ಲ. ಆ ಹತ್ತನೆಯ ಕಡೆ ನನ್ನ ಆರು ವರ್ಷ ಇತ್ತು.

ಇದರಲ್ಲಿ ನನ್ನ ಪಾಲನ್ನೂ ಅಳೆದು ಹೇಳುತ್ತೇನೆ. ಫೋನನ್ನು ತಂತ್ರಜ್ಞನ ಕೈಗೆ ಕೊಡಿ ಎಂದು ನಾನು ಹೇಳಬಹುದಾಗಿತ್ತು. ಐವತ್ತು ವರ್ಷ ಪುಣೆಯಲ್ಲಿದ್ದವನಿಗೆ ಮರಾಠಿಯೇನು ಕಷ್ಟವಲ್ಲ. ಮಾಲೀಕರು ನನ್ನೊಡನೆ ಕನ್ನಡದಲ್ಲಿ ಮಾತಾಡುವಾಗ ನನಗೆ ಹಿತವಾಗುತ್ತಿತ್ತು, ಆ ಹಿತಕ್ಕಾಗಿ ಹಾಗೆ ಹೇಳಲಿಲ್ಲ. ‘ಆರಿಸಿ’ ಎನ್ನಬಹುದಾಗಿತ್ತು, ಎನ್ನಲಿಲ್ಲ. ಯಂತ್ರದ ಅಳತೆಗೆ ಮೂರು ದಶಾಂಶ ಬರೆಯುವವನು ಮಾತನ್ನು ಅಂದಾಜಿನಲ್ಲಿ ಆಡಿದೆ. ಇಷ್ಟು ನನ್ನ ತಪ್ಪು. ಇದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಲ್ಲ.

ಒರೆಸಿದ ಡಿಸ್ಕಿನಿಂದ ಏನಾದರೂ ಮರಳಿ ಸಿಕ್ಕೀತೇ ಎಂದು ಪುಣೆಯ ಪೇಟೆಯ ಒಂದು ಅಂಗಡಿಗೆ ಒಯ್ದೆವು. ಅವರು ಎಂಟು ದಿನ ಇಟ್ಟುಕೊಂಡು ಹಲವು ಚೂರುಗಳನ್ನು ಕೊಟ್ಟರು. ಅವುಗಳಲ್ಲಿ ತಿದ್ದುಪಟ್ಟಿ ಇರಲಿಲ್ಲ; ಅದರ ಮೇಲೆಯೇ ಹೊಸ ವ್ಯವಸ್ಥೆಯನ್ನು ಬರೆದಾಗಿತ್ತು. ನಾನು ಕಪಾಟಿನಿಂದ ಯಂತ್ರದ ಮೂಲ ಸಿಡಿಗಳನ್ನು ಹುಡುಕಿ ತೆಗೆದೆ, ಹೊಸ ಬ್ಯಾಟರಿ ಹಾಕಿಸಿದೆ, ಲೆಗಸಿಯನ್ನು ಆರಿಸಿ ಎಲ್ಲವನ್ನೂ ಮತ್ತೆ ಕೂರಿಸಿದೆ. ಯಂತ್ರ ಎದ್ದಿತು. ಸರಿಯಾಗಿ ನೂರು ಮಿಲಿಮೀಟರು ಎಂದು ಖಾತ್ರಿಪಡಿಸಿದ ಉಕ್ಕಿನ ಪ್ರಮಾಣದ ತುಂಡನ್ನು ಇಟ್ಟು ಮುಟ್ಟಿಸಿದರೆ ಒಂಬತ್ತು ಮೈಕ್ರಾನು ಹೆಚ್ಚು ತೋರಿಸಿತು. ಯಂತ್ರ ತನ್ನ ಹುಟ್ಟಿನ ಸೊಟ್ಟಕ್ಕೆ ಮರಳಿತ್ತು.

ಆ ವಾರವೇ ನೋಂದಣಿ ಪುಸ್ತಕದ ಸಾಲು ನನ್ನ ಕಣ್ಣಿಗೆ ಬಿದ್ದದ್ದು. ಬರೆದವರು ಗುಣಮಟ್ಟದ ಅಧಿಕಾರಿ. ಬೆಂಗಳೂರಿನಿಂದ ಬಂದ ಮೂವತ್ತರ ಹೆಣ್ಣುಮಗಳು, ಕೆಲಸದಲ್ಲಿ ಅಚ್ಚುಕಟ್ಟು.

“ಇದನ್ನ ಯಾರು ಹೇಳಿ ಬರಸಿದ್ರು?” ಎಂದೆ.

“ಸಾಹೇಬ್ರು ಹೇಳಿದ್ರು ಸರ್, ನಾನು ಬರ್ಕೊಂಡೆ. ಯಾರ ಇನ್‌ಸ್ಟ್ರಕ್ಷನ್ ಅಂತ ಕಾಲಂ ಇದೆಯಲ್ಲ, ಖಾಲಿ ಬಿಡೋ ಹಾಗಿಲ್ಲ.”

“ನನಗ ಒಂದು ಮಾತು ಕೇಳಬೇಕಿತ್ತು.”

“ನೀವು ಊರಲ್ಲಿರ್ಲಿಲ್ಲ ಸರ್.” ಪೆನ್ನಿನ ಮುಚ್ಚಳ ಹಾಕುತ್ತ, “ಬೇಜಾರು ಮಾಡ್ಕೋಬೇಡಿ, ನೀವು ‘ಸೆಲೆಕ್ಟ್ ಮಾಡಿ’ ಅಂದಿದ್ರೆ ಮುಗ್ದುಹೋಗ್ತಿತ್ತು,” ಎಂದರು.

ಅದು ನಿಜವಾದ ಮಾತು. ನಿಜವಾದ ಕಾರಣಕ್ಕೇ ಹೆಚ್ಚು ನೋಯಿಸಿತು.

“ಹಂಗಾರ ಇದನ್ನ ತಿದ್ರಿ.”

“ಬರೆದಿದ್ದನ್ನ ಅಳಿಸೋ ಹಾಗಿಲ್ಲ ಅಂತ ನೀವೇ ಅಲ್ವಾ ಸರ್ ನಮಗೆ ಹೇಳ್ಕೊಟ್ಟಿದ್ದು?”

ಹೇಳಿಕೊಟ್ಟದ್ದು ನಿಜ. ಆದರೆ ನಾನು ಹೇಳಿಕೊಟ್ಟದ್ದು ಪೂರ್ತಿ ಹೀಗೆ: ತಪ್ಪು ಬರೆದದ್ದನ್ನು ಅಳಿಸಬಾರದು, ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು ರುಜು ಹಾಕಬೇಕು. ಆ ಗೆರೆಯ ಕೆಳಗೆ ಬರೆಯಬೇಕಾದ ವಾಕ್ಯವನ್ನು ನಾನೇ ಸಿದ್ಧಪಡಿಸಿ ಕೊಟ್ಟೆ: “ಸಲಹೆಗಾರರು ಹಳೆಯ ಮೋಡನ್ನು ಆರಿಸಲು ಕನ್ನಡದಲ್ಲಿ ಸೂಚಿಸಿದರು. ಬಳಸಿದ ಶಬ್ದಕ್ಕೆ ಎರಡು ಅರ್ಥಗಳಿದ್ದು, ಮರಾಠಿಗೆ ತಿರುಗಿಸುವಾಗ ಅಳಿಸುವ ಅರ್ಥ ಬಂದಿತು. ಸಲಹೆಗಾರರನ್ನು ಮತ್ತೆ ಕೇಳದೆ ಡಿಸ್ಕನ್ನು ಅಳಿಸಲಾಯಿತು.” ನನ್ನ ತಪ್ಪೂ ಅದರಲ್ಲಿತ್ತು, ಅವರ ತಪ್ಪೂ ಇತ್ತು. ಎಷ್ಟು, ಯಾವ ಕಡೆಗೆ ಎಂದು ನಾನು ಬಲ್ಲಷ್ಟು ನಿಖರವಾಗಿ ಬರೆದಿದ್ದೆ.

ಮಾಲೀಕರು ಚೀಟಿಯನ್ನು ಎರಡು ಸಲ ಓದಿದರು. “ಕಾಕಾ, ಮುಂದಿನ ತಿಂಗಳ ಆಡಿಟ್ ಅದ. ಹಿಂಗ ಮರಾಠಿ-ಕನ್ನಡಾ ಅಂತ ಬರದ್ರ ಅವರು ನಗ್ತಾರ್ರೀ. ಇರೂದು ಇರ್ಲಿ ಬಿಡ್ರಿ. ನಿಮಗ ಯಾರು ಏನಂತಾರ? ನೀವು ಮನೀಯವ್ರು.”

“ಮನೀಯವ್ರ ಹೆಸರ ಸಸ್ತಾ ಏನ್ರಿ?” ಎಂದೆ.

“ಹಂಗಲ್ರೀ ಕಾಕಾ. ಪಟ್ಟಿ ಮಾಡಿಕೊಡ್ರಿ, ಆಮ್ಯಾಲೆ ನೋಡೂಣು.”

ನಾನು ಅಂದೇ ಬಿಟ್ಟು ಹೋಗಬಹುದಾಗಿತ್ತು. ಆದರೆ ಸುಳ್ಳು ಅಂಕಿ ಹೇಳುವ ಯಂತ್ರವನ್ನು ಹಿಂದೆ ಬಿಟ್ಟು ಹೋಗುವುದು ನನ್ನ ಪದ್ಧತಿಯಲ್ಲ. ಮರುದಿನದಿಂದ ಮತ್ತೆ ಬೆಳಿಗ್ಗೆ ಏಳಕ್ಕೆ ಹೋದೆ. ಈಗ ಕೈ ಮೊದಲಿನಷ್ಟು ನಿಲ್ಲುವುದಿಲ್ಲ. ಒಂದೊಂದು ಜಾಗವನ್ನೂ ಮೂರರ ಬದಲು ಐದು ಸಲ ಮುಟ್ಟಿಸಿ ಸರಾಸರಿ ತೆಗೆದೆ. ತಂತ್ರಜ್ಞ ದಿನವೂ ಎಂಟಕ್ಕೆ ಬಂದು ಹೇಳದೆಯೇ ಪ್ರಮಾಣದ ತುಂಡುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ. ಒಂದು ದಿನ, “ಕಾಕಾ, ಮೀ ತುಮ್ಹಾಲಾಚ ಫೋನ ಕರಾಯಲಾ ಹವಾ ಹೋತಾ,” ಎಂದ. ನಿಮಗೇ ಫೋನು ಮಾಡಬೇಕಿತ್ತು ಎಂದು. ಇಡೀ ಕಾರ್ಖಾನೆಯಲ್ಲಿ ಆ ಮಾತು ಹೇಳಿದವನು ಆತನೊಬ್ಬನೇ. ಲೆಗಸಿಯ ಹೆಸರಿಟ್ಟವನೂ ಆತನೇ ಎಂಬುದನ್ನು ನಾನು ಮರೆತಿಲ್ಲ. ಆದರೆ ಇದನ್ನೂ ಮರೆಯುವುದಿಲ್ಲ.

ಹನ್ನೊಂದು ವಾರಗಳಲ್ಲಿ ಈ ಋತುವಿಗೆ ಸಾಲುವಷ್ಟು ಪಟ್ಟಿ ಸಿದ್ಧವಾಯಿತು. ನೂರು ಮಿಲಿಮೀಟರಿನ ತುಂಡು ಒಂದು ಮೈಕ್ರಾನಿನ ಒಳಗೆ ಬಂತು. ಪಟ್ಟಿಯನ್ನು ಎರಡು ಪ್ರತಿ ಮುದ್ರಿಸಿ, ಪ್ರತಿ ಹಾಳೆಗೂ ರುಜು ಹಾಕಿ, ಒಂದನ್ನು ಮಾಲೀಕರ ಮೇಜಿನ ಮೇಲಿಟ್ಟೆ, ಇನ್ನೊಂದನ್ನು ಅಧಿಕಾರಿಯ ಕೈಗೆ ಕೊಟ್ಟೆ. ನೋಂದಣಿ ಪುಸ್ತಕ ತೆಗೆದು ನೋಡಿದೆ. ಸಾಲಿನ ಮೇಲೆ ಗೆರೆ ಬಿದ್ದಿರಲಿಲ್ಲ. ಆಡಿಟ್ ಮುಗಿದು ಒಂದು ತಿಂಗಳಾಗಿತ್ತು. ನಗುವವರು ಬಂದು ಹೋಗಿದ್ದರು. ಕಾರಣವೆಂದು ಹೇಳಿಕೊಳ್ಳಲು ಇನ್ನು ಏನೂ ಉಳಿದಿರಲಿಲ್ಲ. ಕೋಣೆಯ ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಬರೆಸಿಕೊಂಡು ಮನೆಗೆ ಬಂದೆ. ಆಮೇಲೆ ಹೋಗಿಲ್ಲ. ಅವರಿಂದ ಫೋನು ಎರಡು ಸಲ ಬಂದಿದೆ. ಎರಡು ಸಲವೂ ಯಂತ್ರದ ಬಗೆಗೆ.

ಆದ್ದರಿಂದ ಆ ಸಾಲನ್ನು ಹೇಳಿ ಬರೆಸಿದ ಮಾಲೀಕರಿಗೆ ನನ್ನ ಪ್ರಶ್ನೆ ಒಂದೇ. ಪೂರ್ತಿ ಅಳಿಸಲೇ ಎಂದು ತಂತ್ರಜ್ಞ ನಿಮ್ಮನ್ನು ಕೇಳಿದಾಗ, ನನ್ನ ನಂಬರು ನಿಮ್ಮ ಕೈಯಲ್ಲಿದ್ದ ಫೋನಿನ ಮೊದಲ ಸಾಲಿನಲ್ಲೇ ಇತ್ತು. ಆ ಫೋನನ್ನು ಮುಟ್ಟದೆ ‘ಹೌದು’ ಎಂದವರು ನೀವಾಗಿರುವಾಗ, ಆ ‘ಹೌದು’ ನನ್ನದೆಂದು ಯಾವ ಅಳತೆಗೋಲಿನಿಂದ ಅಳೆದು ಬರೆಸಿದಿರಿ?